400 ಮೈಕ್ರಾನ್‌ ಗಡಿಯಲ್ಲಿ ನಿಂತ ಮಕ್ಕಳ ಕಣ್ಣು

ರಾಯಚೂರಿನ ಕಡೆ ಬೇಸಿಗೆ ಶುರುವಾಗುವ ಹೊತ್ತಿಗೆ ಮೆಣಸಿನಕಾಯಿ ಘಾಟು, ಹತ್ತಿಯ ಎಳೆ, ರಸ್ತೆಯ ಧೂಳು ಎಲ್ಲವೂ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ಮಕ್ಕಳು ಕಣ್ಣು ಉಜ್ಜುತ್ತಲೇ ಇರುತ್ತಾರೆ. ಧೂಳು ಬಿದ್ದಿರಬೇಕು ಅಂತ ನಾವೂ ಸುಮ್ನೆ ಇರುತ್ತೇವೆ. ನಮ್ಮಕ್ಕನ ಮಗನಿಗೆ 14 ವರ್ಷ. ಒಂದೂವರೆ ವರ್ಷದಲ್ಲಿ ಅವನ ಚಷ್ಮಾ ಮೂರು ಸಲ ಬದಲಾಯಿತು. ಪ್ರತಿ ಸಲವೂ ಸಿಲಿಂಡರ್ ನಂಬರ್, ಅಂದರೆ ಕಣ್ಣಿನ ವಕ್ರತೆ ಸರಿದೂಗಿಸುವ ನಂಬರ್, ಏರಿತ್ತು. ಅಂಗಡಿಯಲ್ಲಿ ಗಾಜು ಬದಲಿಸಿಕೊಟ್ಟರು. ನಂಬರ್ ಯಾಕೆ ಏರುತ್ತಿದೆ ಅಂತ ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಕೊನೆಗೆ ಟೊಪೋಗ್ರಫಿ, ಅಂದರೆ ಕಣ್ಣಿನ ಮುಂಭಾಗದ ನಕ್ಷೆ ತೆಗೆಯುವ ಪರೀಕ್ಷೆ, ಮಾಡಿಸಿದಾಗ ಗೊತ್ತಾಯಿತು, ಅದು ಕೆರಟೋಕೋನಸ್ ಅನ್ನುವ ರೋಗ.

ಕರಿಗುಡ್ಡೆಯ ಮುಂದೆ ಗಾಜಿನಂಥ ಪರದೆ ಇರುತ್ತದಲ್ವಾ, ಅದೇ ಕಾರ್ನಿಯಾ. ಅದರ ನಡುಭಾಗದ ದಪ್ಪ ಸಾಮಾನ್ಯವಾಗಿ 540 ಮೈಕ್ರಾನ್ ಆಸುಪಾಸು, ಅಂದರೆ ಅರ್ಧ ಮಿಲಿಮೀಟರ್‌ಗಿಂತ ಚೂರು ಹೆಚ್ಚು. ಈ ರೋಗದಲ್ಲಿ ಅದು ತೆಳುವಾಗುತ್ತಾ ಹೋಗಿ, ಮುಂದಕ್ಕೆ ಚೂಪಾಗಿ ಉಬ್ಬುತ್ತದೆ. ಅಕ್ಷರದ ಪಕ್ಕ ನೆರಳು ಕಾಣುತ್ತದೆ, ದೀಪದ ಬೆಳಕು ಚೆದುರುತ್ತದೆ. ಉಜ್ಜುವುದೊಂದೇ ಕಾರಣವಲ್ಲ, ಮನೆತನದಿಂದಲೂ ಬರಬಹುದು. ಆದರೆ ಉಜ್ಜುವ ಕಣ್ಣಿನಲ್ಲಿ ಅದು ಬೇಗ ಕೆಡುತ್ತದೆ. ಬಿಸಿಲು, ಒಣ ಹವೆ ಇರುವ ಸೀಮೆಯ ಮಕ್ಕಳಿಗೆ ಕಣ್ಣಿನ ಅಲರ್ಜಿ ಜಾಸ್ತಿ. ಅದಕ್ಕೇ ನಮ್ಮ ಕಡೆಯವರು ಈ ವಿಷಯ ತಿಳಿದಿರಲೇಬೇಕು ಅನ್ನುತ್ತೇನೆ.

ಇಂಗ್ಲೆಂಡಿನ ವೈದ್ಯ ಜಾನ್ ನಾಟಿಂಗ್‌ಹ್ಯಾಮ್ 1854ರಲ್ಲೇ ಈ ರೋಗದ ಬಗ್ಗೆ ವಿವರವಾಗಿ ಬರೆದಿದ್ದರು. 1888ರಲ್ಲಿ ಅಡಾಲ್ಫ್ ಫಿಕ್ ಗಾಜಿನ ಕಾಂಟ್ಯಾಕ್ಟ್ ಲೆನ್ಸ್ ಬಗ್ಗೆ ಬರೆದರು. 1905ರಲ್ಲಿ ಎಡ್ವರ್ಡ್ ಜಿರ್ಮ್ ಮೊದಲ ಬಾರಿಗೆ ಮನುಷ್ಯರಲ್ಲಿ ಕಾರ್ನಿಯಾ ಕಸಿಯನ್ನು ಯಶಸ್ವಿಯಾಗಿ ಮಾಡಿದರು. ಆಮೇಲೆ ಬಹಳ ಕಾಲ ಇದ್ದ ದಾರಿ ಇಷ್ಟೇ: ಲೆನ್ಸ್ ಹಾಕು, ಆಗದಿದ್ದರೆ ಕಸಿ ಮಾಡಿಸು. ಕೆಡುತ್ತಿರುವ ಕಾರ್ನಿಯಾವನ್ನು ಅಲ್ಲಿಗೇ ತಡೆದು ನಿಲ್ಲಿಸುವ ಉಪಾಯ ಯಾರ ಬಳಿಯೂ ಇರಲಿಲ್ಲ.

ಅದು ಸಿಕ್ಕಿದ್ದು ಜರ್ಮನಿಯ ಡ್ರೆಸ್ಡೆನ್‌ನಲ್ಲಿ. ವೊಲೆನ್ಸಾಕ್, ಸ್ಪೋರ್ಲ್, ಸೈಲರ್ ಎಂಬ ಮೂವರು 2003ರಲ್ಲಿ 22 ರೋಗಿಗಳ ಫಲಿತಾಂಶ ಪ್ರಕಟಿಸಿದರು. ಕಾರ್ನಿಯಾದ ಮೇಲ್ಪದರ ತೆಗೆದು, ರೈಬೋಫ್ಲೇವಿನ್ ಹನಿ ಹಾಕುತ್ತಾರೆ. ಹಾಲಿನಲ್ಲಿರುವ ವಿಟಮಿನ್ ಬಿ2 ಅಂದರೂ ಇದೇ. ಅರ್ಧ ಗಂಟೆ ಹನಿ ಹೀರಿಸಿ, ಇನ್ನರ್ಧ ಗಂಟೆ ಅಲ್ಟ್ರಾವಯೊಲೆಟ್ ಬೆಳಕು ಬಿಡುತ್ತಾರೆ. ಒಳಗಿನ ಕೊಲಾಜೆನ್ ಎಳೆಗಳು ಒಂದಕ್ಕೊಂದು ಬೆಸೆದು ಗಟ್ಟಿಯಾಗುತ್ತವೆ. ಇದೇ ಕ್ರಾಸ್‌ಲಿಂಕಿಂಗ್. ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 2016ರಲ್ಲಿ.

ಆದರೆ ಇದಕ್ಕೊಂದು ಗಡಿ ಇತ್ತು. ಕಾರ್ನಿಯಾದ ಹಿಂಬದಿಯ ಜೀವಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಬೆಳಕು ಅವಕ್ಕೆ ತಾಗಬಾರದು ಅಂದರೆ ಕನಿಷ್ಠ 400 ಮೈಕ್ರಾನ್ ದಪ್ಪ ಬೇಕು ಅಂತ ನಿಯಮ ಮಾಡಿದರು. ನಮ್ಮ ಹುಡುಗನ ನಕ್ಷೆಯಲ್ಲಿ 420 ಇತ್ತು. ಹಾಗಾದರೆ ಆಯ್ತಲ್ಲ ಅಂದುಕೊಂಡೆವು. ಮೇಲ್ಪದರ ತೆಗೆದರೆ ಅದರಲ್ಲಿ ಸುಮಾರು 50 ಹೋಗುತ್ತದೆ ಅಂತ ಡಾಕ್ಟರು ಹೇಳಿದಾಗ ಎದೆ ಧಸಕ್ಕೆಂದಿತು. ರೋಗ ಬೇಗ ಬೆಳೆಯುವುದು ಎಳೆಯರಲ್ಲೇ, ಕಣ್ಣು ಬೇಗ ತೆಳುವಾಗುವುದೂ ಅವರದ್ದೇ. ಚಿಕಿತ್ಸೆ ಯಾರಿಗೆ ತುರ್ತಾಗಿ ಬೇಕೋ ಅವರನ್ನೇ ಈ ನಿಯಮ ಹೊರಗೆ ನಿಲ್ಲಿಸಿತ್ತು.

ಈ ಗಡಿ ದಾಟಲು ಹಲವರು ಶ್ರಮಪಟ್ಟಿದ್ದಾರೆ. ಸ್ವಿಟ್ಜರ್ಲೆಂಡಿನ ಫರ್ಹಾದ್ ಹಫೇಜಿ 2009ರಲ್ಲಿ ಬೇರೆ ಥರದ ರೈಬೋಫ್ಲೇವಿನ್ ಹನಿಯಿಂದ ಕಾರ್ನಿಯಾವನ್ನು ನೀರು ಹೀರಿಸಿ ಉಬ್ಬಿಸಿ ದಪ್ಪ ಮಾಡಿದರು. ಅದಕ್ಕೂ ಮಿತಿಯಿತ್ತು. 268 ಮೈಕ್ರಾನ್ ಮಾತ್ರ ಇದ್ದ ಒಂದು ಕಣ್ಣನ್ನು ಹೀಗೆ ಉಬ್ಬಿಸಿ ಚಿಕಿತ್ಸೆ ಕೊಟ್ಟರೂ ರೋಗ ನಿಲ್ಲಲಿಲ್ಲ ಅಂತ ಅವರೇ ಬರೆದರು. ಸೋತಿದ್ದನ್ನೂ ಹೀಗೆ ಬರೆದಿಟ್ಟಿದ್ದು ನನಗೆ ದೊಡ್ಡದಾಗಿ ಕಾಣುತ್ತದೆ. 2014ರಲ್ಲಿ ಚೆನ್ನೈನ ಸೂಸನ್ ಜೇಕಬ್ ಇನ್ನೊಂದು ದಾರಿ ತೋರಿಸಿದರು. ರೈಬೋಫ್ಲೇವಿನ್‌ನಲ್ಲಿ ನೆನೆಸಿದ, ಸುಮಾರು 90 ಮೈಕ್ರಾನ್ ದಪ್ಪದ ಮೆತ್ತನೆ ಕಾಂಟ್ಯಾಕ್ಟ್ ಲೆನ್ಸ್ ಅನ್ನು ಕಣ್ಣಿನ ಮೇಲಿಟ್ಟು ಬೆಳಕು ಬಿಡುವುದು. 370 ಇದ್ದದ್ದು 460 ಆಯಿತು, ಲೆಕ್ಕ ಅಷ್ಟು ಸರಳ. 2021ರಲ್ಲಿ ಹಫೇಜಿ ತಂಡ ದಪ್ಪ ಹೆಚ್ಚಿಸುವುದನ್ನೇ ಬಿಟ್ಟು, ಕಣ್ಣು ಎಷ್ಟು ತೆಳುವೋ ಬೆಳಕಿನ ಸಮಯವನ್ನೂ ಅಷ್ಟು ಕಮ್ಮಿ ಮಾಡಿತು. 39 ಕಣ್ಣುಗಳಲ್ಲಿ ಶೇ 90ರಷ್ಟು ಒಂದು ವರ್ಷದ ನಂತರವೂ ಸ್ಥಿರವಾಗಿದ್ದವು.

ಹಾಗಾಗಿ ಯಾರಾದರೂ "ಕಣ್ಣು ತೆಳು ಇದೆ, ಏನೂ ಆಗಲ್ಲ" ಅಂದರೆ ಅಷ್ಟಕ್ಕೇ ಮನೆಗೆ ಬರಬೇಡಿ, ಕಾರ್ನಿಯಾ ತಜ್ಞರಿಗೊಮ್ಮೆ ತೋರಿಸಿ. ದೊಡ್ಡವರಲ್ಲಿ ರೋಗ ಏರುತ್ತಿದೆಯಾ ಅಂತ ಕೆಲವು ತಿಂಗಳು ನೋಡುವುದುಂಟು. ಮಕ್ಕಳಲ್ಲಿ ಹಾಗೆ ಕಾಯುವುದು ಬೇಡ ಅನ್ನುವ ವೈದ್ಯರೇ ಜಾಸ್ತಿ. ಬಳ್ಳಾರಿಯ ಬಿಎಂಸಿಆರ್‌ಸಿ (ಹಿಂದಿನ ವಿಮ್ಸ್), ರಾಯಚೂರಿನ ರಿಮ್ಸ್‌ ಆಸ್ಪತ್ರೆಗಳ ಕಣ್ಣಿನ ವಿಭಾಗದಲ್ಲಿ ತೋರಿಸಿ, ಮುಂದೆ ಎಲ್ಲಿಗೆ ಹೋಗಬೇಕು ಅಂತ ಕೇಳಬಹುದು.

ನಮ್ಮ ಹುಡುಗನಿಗೆ ಮೊದಲು ಅಲರ್ಜಿಗೆ ಹನಿ ಕೊಟ್ಟರು. ನವೆ ನಿಂತ ಮೇಲೆ ಹೈದರಾಬಾದಿನಲ್ಲಿ ಲೆನ್ಸ್ ಇಟ್ಟು ಕ್ರಾಸ್‌ಲಿಂಕಿಂಗ್ ಮಾಡಿದರು. ಮೂರು ದಿನ ಕಣ್ಣು ಬಿಡಲಾಗದಷ್ಟು ಉರಿ ಇತ್ತು. ಚಷ್ಮಾ ಹೋಗಿಲ್ಲ, ಹೋಗುತ್ತದೆ ಅಂತ ಯಾರೂ ಹೇಳಿಯೂ ಇರಲಿಲ್ಲ. ನಂಬರ್ ಮಾತ್ರ ವರ್ಷದಿಂದ ಅಲ್ಲೇ ನಿಂತಿದೆ. ಹೋದ ತಿಂಗಳು ಅವನನ್ನು ತಪಾಸಣೆಗೆ ಕರೆದೊಯ್ದಾಗ ಅಕ್ಕ ಮಗಳನ್ನೂ ಜೊತೆಗೆ ಕರೆತಂದಳು. ಅವಳಿಗೆ ಒಂಬತ್ತು ವರ್ಷ, ಅವಳೂ ಕಣ್ಣು ಉಜ್ಜುತ್ತಾಳೆ.