ಶಾಲೆಗಾಗಿ ಪ್ರಾರ್ಥಿಸುವ ಮೊದಲು ಶಾಲೆಗೊಮ್ಮೆ ಹೋಗಿ ಬನ್ನಿ

ಫೆಬ್ರವರಿ ಬಂತೆಂದರೆ ಮಂಗಳೂರು, ಉಡುಪಿ ಕಡೆಯ ಚರ್ಚುಗಳಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳನ್ನು ಮುಂದೆ ಕರೆದು ನಿಲ್ಲಿಸುವ ಭಾನುವಾರವೊಂದು ಇರುತ್ತದೆ. ಪೆನ್ನು, ಹಾಲ್‌ಟಿಕೆಟಿಗೆ ಆಶೀರ್ವಾದ, ಒಂದು ಪ್ರಾರ್ಥನೆ, ಒಂದು ಚಪ್ಪಾಳೆ. ಹೆಚ್ಚಿನ ಕಡೆ ಶಾಲೆಗಾಗಿ ಸಭೆ, ಅಂದರೆ ಚರ್ಚಿನ ಜನ, ಒಟ್ಟಾಗಿ ಮಾಡುವ ಪ್ರಾರ್ಥನೆ ವರ್ಷಕ್ಕೆ ಇಷ್ಟೇ. ಇದರಲ್ಲಿ ಇರುವುದು ಪರೀಕ್ಷೆ, ಶಾಲೆಯಲ್ಲ. ಪಾಠ ಮಾಡುವ ಮಾಸ್ಟ್ರು ಇಲ್ಲ, ಬಿಸಿಯೂಟ ಬೇಯಿಸುವವರು ಇಲ್ಲ, ಏಳನೇ ಕ್ಲಾಸಿನಲ್ಲೇ ಶಾಲೆ ಬಿಡುವ ಯೋಚನೆಯಲ್ಲಿರುವ ಹುಡುಗನಂತೂ ಇಲ್ಲವೇ ಇಲ್ಲ.

ಇದಕ್ಕೆ ಭಕ್ತಿ ಕಡಿಮೆಯಾದದ್ದು ಕಾರಣವಲ್ಲ, ಮಾಹಿತಿ ಕಡಿಮೆಯಾದದ್ದು ಕಾರಣ. ಶಾಲೆಯಲ್ಲಿ ಏನು ನಡೆಯುತ್ತಿದೆ ಎಂದು ಗೊತ್ತಿಲ್ಲದವರು "ಎಲ್ಲ ಮಕ್ಕಳನ್ನೂ ಆಶೀರ್ವದಿಸು" ಎನ್ನುವುದಕ್ಕಿಂತ ಹೆಚ್ಚಿಗೆ ಏನು ಹೇಳಲು ಸಾಧ್ಯ?

ಯಾವುದು ನಮ್ಮ ಶಾಲೆ ಎಂಬಲ್ಲಿಂದಲೇ ಗೊಂದಲ ಶುರುವಾಗುತ್ತದೆ. ಕರಾವಳಿಯಲ್ಲಿ ಚರ್ಚು, ಶಾಲೆ ಎರಡೂ ಹೆಚ್ಚಾಗಿ ಒಂದೇ ಕಂಪೌಂಡಿನಲ್ಲಿ ಬೆಳೆದವು. ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದ ಕೆಲವೇ ವರ್ಷಗಳಲ್ಲಿ ಕನ್ನಡ ಶಾಲೆ ತೆರೆದರು. ಕಥೋಲಿಕ ಪಾದ್ರಿಗಳಾದ ಜೆಸುಯಿಟರ ಸಂತ ಅಲೋಶಿಯಸ್ ಕಾಲೇಜು 1880ರದ್ದು, ಹೆಣ್ಣುಮಕ್ಕಳ ಸಂತ ಆಗ್ನೆಸ್ ಕಾಲೇಜು 1921ರದ್ದು. ಹೀಗಾಗಿ "ನಮ್ಮ ಶಾಲೆ" ಎಂದರೆ ಚರ್ಚಿನ ಪಕ್ಕದ ಶಾಲೆ ಎಂಬ ರೂಢಿ ಉಳಿದಿದೆ. ಆದರೆ ಚರ್ಚಿಗೆ ಬರುವ ಮನೆಗಳ ಮಕ್ಕಳು ಈಗ ಬಸ್ಸು ಹತ್ತಿ ದೂರದ ಸಿಬಿಎಸ್‌ಇ ಶಾಲೆಗೆ ಹೋಗುತ್ತಾರೆ. ಚರ್ಚಿನ ಪಕ್ಕದ ಕನ್ನಡ ಮಾಧ್ಯಮ ಶಾಲೆಯಲ್ಲಿ ಕೂತಿರುವುದು ಕಟ್ಟಡದ ಕೆಲಸಕ್ಕೆಂದು ಉತ್ತರ ಕರ್ನಾಟಕದಿಂದ ಬಂದವರ ಮಕ್ಕಳು, ಅಕ್ಕಪಕ್ಕದ ಹಿಂದೂ, ಮುಸ್ಲಿಂ ಮನೆಗಳ ಮಕ್ಕಳು. ನಮ್ಮ ಮಕ್ಕಳು ಒಂದು ಕಡೆ, ನಮ್ಮ ಶಾಲೆ ಇನ್ನೊಂದು ಕಡೆ. ಪ್ರಾರ್ಥನೆಯಲ್ಲಿ ಎರಡಕ್ಕೂ ಜಾಗ ಬೇಕು. ರಸ್ತೆಯಾಚೆಯ ಸರಕಾರಿ ಶಾಲೆಗೂ ಬೇಕು.

ಅದಕ್ಕೆ ಸುಲಭದ ದಾರಿ ವಾರ್ಡುಗಳದ್ದು. ಕಥೋಲಿಕ ಚರ್ಚುಗಳಲ್ಲಿ ಗುರಿಕಾರರು, ಅಂದರೆ ಅಲ್ಲಿನ ಮುಖಂಡರು, ನಡೆಸುವ ವಾರ್ಡುಗಳಿವೆ, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರೊಟೆಸ್ಟಂಟರದ್ದು) ಸಭೆಗಳಲ್ಲಿ ಮನೆಕೂಟಗಳಿವೆ. ಒಂದು ವಾರ್ಡಿಗೆ ಒಂದು ಶಾಲೆ ಅಥವಾ ಅಂಗನವಾಡಿ ಎಂದು ಹಂಚಿಕೊಡಿ. ವಾರ್ಡಿನಿಂದ ಇಬ್ಬರು, ಇಬ್ಬರೇ, ಮುಖ್ಯೋಪಾಧ್ಯಾಯರನ್ನು ಕಂಡು ಬರಲಿ. ಹತ್ತು ಜನ ಹೋದರೆ ಅದು ನಿಯೋಗವಾಗುತ್ತದೆ, ಅವರು ಚಹಾ ತರಿಸುವ ಗಡಿಬಿಡಿಗೆ ಬೀಳುತ್ತಾರೆ. ಮೊದಲೇ ಫೋನು ಮಾಡಿ, ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಹೋಗಿ. ಪ್ರಾರ್ಥನೆಯ ದಿನಕ್ಕೆ ಎರಡು ವಾರ ಮೊದಲಾದರೆ ಒಳ್ಳೆಯದು. ಹಿಂದಿನ ದಿನ ಕೇಳಿದ್ದು ಬರೆದು ತಿದ್ದುವುದಕ್ಕೆ ಸಮಯ ಸಿಗುವುದಿಲ್ಲ.

ಕೇಳಬೇಕಾದ ಪ್ರಶ್ನೆ ನಾಲ್ಕು. ಎಷ್ಟು ಮಕ್ಕಳು, ಎಷ್ಟು ಶಿಕ್ಷಕರು, ಅವರಲ್ಲಿ ಅತಿಥಿ ಶಿಕ್ಷಕರೆಷ್ಟು? ಈ ತಿಂಗಳು ಶಾಲೆಗೆ ಅತಿ ಕಷ್ಟದ ವಿಷಯ ಯಾವುದು? ಸಂತೋಷದ ವಿಷಯ ಯಾವುದು? ಹೊರಗೆ ಹೇಳಬಾರದ್ದು ಏನು? ಕೊನೆಯದನ್ನು ಬಿಡಲೇಬೇಡಿ. ಅದನ್ನು ಕೇಳಿದ ಮೇಲೆಯೇ ಮುಖ್ಯೋಪಾಧ್ಯಾಯರು ಮನಸ್ಸು ಬಿಚ್ಚಿ ಮಾತಾಡುವುದು. ಅನುದಾನಿತ ಶಾಲೆಯಾದರೆ ನಿವೃತ್ತರಾದವರ ಹುದ್ದೆ ಭರ್ತಿಯಾಗದೆ ಆಡಳಿತ ಮಂಡಳಿಯ ಸಣ್ಣ ಸಂಬಳದಲ್ಲಿ ದುಡಿಯುವ ಟೀಚರ್ ಇರಬಹುದು. ಸರಕಾರಿ ಶಾಲೆಯಾದರೆ ಮತದಾರರ ಪಟ್ಟಿ, ಗಣತಿ, ಸಮೀಕ್ಷೆ ಎಂದು ಮಾಸ್ಟ್ರು ಮನೆ ಮನೆ ಸುತ್ತುತ್ತಿರಬಹುದು. 2025ರಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗಾಗಿ ದಸರಾ ರಜೆ ಅಕ್ಟೋಬರ್ 18ರವರೆಗೆ ಬೆಳೆದದ್ದು ನೆನಪಿರಬಹುದು. ಮಕ್ಕಳಿಗೆ ಅದು ರಜೆ, ಸಮೀಕ್ಷೆಗೆ ನಿಯುಕ್ತರಾದ ಶಿಕ್ಷಕರಿಗಲ್ಲ. ಇಂಥ ವಿಷಯ ತಿಳಿದಿದ್ದರೆ "ಶಿಕ್ಷಕರಿಗೆ ಬಲ ಕೊಡು" ಎಂಬ ಮಾತಿಗೆ ಅರ್ಥ ಬರುತ್ತದೆ.

ವರ್ಷದ ಲೆಕ್ಕಕ್ಕೆ ಬರೋಣ. ಪ್ರತಿ ವಾರ ಬೇಡ, ಐದಾರು ಸಲ ಸಾಕು. ಮೊದಲನೆಯದು ಜೂನ್ ಆರಂಭದ ಭಾನುವಾರ, ಅದು ಮಳೆಯದ್ದು. ನಮ್ಮ ಕಡೆ ಜೂನ್, ಜುಲೈ ಎಂದರೆ ಜಿಲ್ಲಾಧಿಕಾರಿಯ ರಜೆ ಘೋಷಣೆಗೆ ಬೆಳಗ್ಗೆ ಮೊಬೈಲು ನೋಡುವ ಕಾಲ. 2022ರ ಆಗಸ್ಟಿನಲ್ಲಿ ಬೈಂದೂರು ತಾಲೂಕಿನಲ್ಲಿ ಶಾಲೆಯಿಂದ ಮನೆಗೆ ಬರುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ಕಾಲುಸಂಕದಿಂದ (ಕಿರಿದಾದ ಕಾಲುಸೇತುವೆ) ಹಳ್ಳಕ್ಕೆ ಬಿದ್ದು ತೀರಿಕೊಂಡಳು. ಸಂಕ ದಾಟುವ ಮಕ್ಕಳು ಈಗಲೂ ಇದ್ದಾರೆ. ಶಾಲಾರಂಭದ ಪ್ರಾರ್ಥನೆಯಲ್ಲಿ ಹೊಸ ಬ್ಯಾಗು, ಹೊಸ ಪುಸ್ತಕದ ಮಾತು ಬರುತ್ತದೆ, ದಾರಿಯ ಮಾತು ಬರುವುದಿಲ್ಲ.

ಎರಡನೆಯದು ಸೆಪ್ಟೆಂಬರ್ 5ರ ಶಿಕ್ಷಕರ ದಿನ. ಕಥೋಲಿಕರಿಗೆ ಇದು ಅನುಕೂಲದ ದಿನ. ಮರಿಯಮ್ಮನ ಜನ್ಮದಿನದ ಹಬ್ಬವಾದ ಮೊಂತಿ ಫೆಸ್ತಿನ ನವೇನಾ (ಒಂಬತ್ತು ದಿನದ ಪ್ರಾರ್ಥನೆ) ಆಗಸ್ಟ್ 30ಕ್ಕೆ ಶುರುವಾಗುವುದರಿಂದ ಸೆಪ್ಟೆಂಬರ್ 5 ಏಳನೆಯ ದಿನವಾಗುತ್ತದೆ. ಮಕ್ಕಳು ಹೇಗೂ ಹೂ ಹಿಡಿದು ಬಂದಿರುತ್ತಾರೆ, ಬೇರೆ ಜನ ಸೇರಿಸುವ ಕೆಲಸವಿಲ್ಲ. ಆ ದಿನ ಪೂಜೆಯಲ್ಲಿ ಜನರ ಪರವಾಗಿ ಓದುವ ವಿಶ್ವಾಸಿಗಳ ಪ್ರಾರ್ಥನೆಯನ್ನು ಮಕ್ಕಳೇ ಶಿಕ್ಷಕರಿಗಾಗಿ ಓದಲಿ. ಸಿಎಸ್‌ಐ ಸಭೆಗಳಿಗೆ ಹತ್ತಿರದ ಭಾನುವಾರ ಸರಿಹೋಗುತ್ತದೆ. ಫೆಬ್ರವರಿಯ ಮೂರನೆಯ ಭಾನುವಾರ ವಿದ್ಯಾರ್ಥಿಗಳಿಗಾಗಿ ವಿಶ್ವ ಪ್ರಾರ್ಥನಾ ದಿನ. ವಿಶ್ವ ವಿದ್ಯಾರ್ಥಿ ಕ್ರೈಸ್ತ ಒಕ್ಕೂಟ 1898ರಿಂದ ನಡೆಸಿಕೊಂಡು ಬಂದ ಆಚರಣೆ ಇದು. ಪರೀಕ್ಷೆಯ ಭಾನುವಾರವನ್ನು ಇದಕ್ಕೇ ಹೊಂದಿಸಿಕೊಂಡರೆ ನಮ್ಮೂರಿನ ಹಾಲ್‌ಟಿಕೆಟಿನ ಆಚೆಗೂ ನೋಟ ಹೋಗುತ್ತದೆ.

ಕಥೋಲಿಕ, ಸಿಎಸ್‌ಐ ಹೀಗೆ ಎಲ್ಲ ಸಭೆಗಳೂ ಕೂಡಿ ಜಂಟಿ ಪ್ರಾರ್ಥನೆ ಮಾಡುವುದಕ್ಕೆ ಜನವರಿ 18ರಿಂದ 25ರ ಕ್ರೈಸ್ತ ಐಕ್ಯತಾ ಪ್ರಾರ್ಥನಾ ವಾರಕ್ಕಿಂತ ಒಳ್ಳೆಯ ಕಾಲವಿಲ್ಲ. ಮಳೆ ಇಲ್ಲ, ಪೂರ್ವಸಿದ್ಧತಾ ಪರೀಕ್ಷೆಯ ಹೊಸ್ತಿಲು, ಬೇರೆ ಬೇರೆ ಸಭೆಯವರು ಒಟ್ಟಾಗುವುದಕ್ಕೆ ಆಗಲೇ ಒಂದು ನೆಪವೂ ಇದೆ. ಒಂದೇ ಎಚ್ಚರಿಕೆ: ಕಾರ್ಕಳದ ಅತ್ತೂರು ಚರ್ಚಿನ ಜಾತ್ರೆಯ ದಿನ ನೋಡಿಕೊಂಡು ದಿನ ಗೊತ್ತುಮಾಡಿ. ಅದೂ ಜನವರಿಯ ಕೊನೆಗೇ ಬರುತ್ತದೆ, ಆ ದಿನಗಳಲ್ಲಿ ಉಡುಪಿ ಕಡೆ ಚರ್ಚಿನಲ್ಲಿ ಪ್ರಾರ್ಥನೆ ಇಟ್ಟರೆ ಬೆಂಚುಗಳೇ ಉಳಿಯುತ್ತವೆ.

ಜಂಟಿ ಪ್ರಾರ್ಥನೆ ಭಾನುವಾರ ಸಂಜೆ ನಾಲ್ಕೂವರೆಗೆ, ಮುಕ್ಕಾಲು ಗಂಟೆಯೊಳಗೆ ಮುಗಿಯುವಂತೆ ಇರಲಿ. ಪರಮಪ್ರಸಾದ, ಪ್ರಭುಭೋಜನದ ವಿಷಯದಲ್ಲಿ ಸಭೆಗಳ ನಡುವೆ ಒಮ್ಮತವಿಲ್ಲ, ಆದ್ದರಿಂದ ಬಲಿಪೂಜೆ ಬೇಡ, ವಾಕ್ಯ ಮತ್ತು ಪ್ರಾರ್ಥನೆ ಮಾತ್ರ. ಒಂದು ಹಾಡು, ಒಂದು ವಾಚನ, ಐದು ನಿಮಿಷ ಮೀರದ ಪ್ರಸಂಗ, ಐದು ಬಿನ್ನಹ (ಬೇಡಿಕೆಯ ಸಣ್ಣ ಪ್ರಾರ್ಥನೆ), ಕರ್ತನ ಪ್ರಾರ್ಥನೆ, ಇನ್ನೊಂದು ಹಾಡು. ವಾಚನಕ್ಕೆ ಲೂಕ 2:41–52 ಹೊಂದುತ್ತದೆ: ಹನ್ನೆರಡು ವರ್ಷದ ಹುಡುಗ ಯೇಸು ಗುರುಗಳ ನಡುವೆ ಕೂತು ಕೇಳುತ್ತಾನೆ, ಪ್ರಶ್ನೆಯನ್ನೂ ಹಾಕುತ್ತಾನೆ. ಶಿಕ್ಷಕರೇ ಹೆಚ್ಚಿರುವ ಸಭೆಯಲ್ಲಿ ಯಾಕೋಬ 3:1 ಓದಬಹುದು. ಬೋಧಕರಿಗೆ ತೀರ್ಪು ಹೆಚ್ಚು ಕಠಿಣ ಎನ್ನುವ ಮಾತು ಅದು, ಸ್ವಲ್ಪ ಖಾರವೆನಿಸೀತು.

ಭಾಷೆಯದ್ದು ಸಣ್ಣ ವಿಷಯವಲ್ಲ. ಕಥೋಲಿಕರ ಬಾಯಿಗೆ ಕೊಂಕಣಿ ಪ್ರಾರ್ಥನೆ ಬರುತ್ತದೆ, ಬಾಸೆಲ್ ಮಿಷನ್ ಪರಂಪರೆಯವರಿಗೆ ಕನ್ನಡ, ತುಳು. ಬಿನ್ನಹಗಳು ಕನ್ನಡದಲ್ಲಿರಲಿ, ಹಾಡು ಒಂದು ಕೊಂಕಣಿ, ಒಂದು ತುಳು. ಎಡವುವುದು ಕರ್ತನ ಪ್ರಾರ್ಥನೆಯಲ್ಲಿ. ಕನ್ನಡದಲ್ಲೇ ಅದಕ್ಕೆ ಎರಡು ಪಾಠಾಂತರಗಳಿವೆ, ಕೊನೆಗೆ "ರಾಜ್ಯವೂ ಬಲವೂ ಮಹಿಮೆಯೂ" ಎಂದು ಅರ್ಧ ಸಭೆ ಮುಂದುವರಿಸುವಾಗ ಉಳಿದರ್ಧ ಆಮೆನ್ ಹೇಳಿ ಕೂತಾಗಿರುತ್ತದೆ. ಹಾಳೆಯಲ್ಲಿ ಒಂದು ಪಾಠ ಅಚ್ಚುಹಾಕಿಸಿ ಎಲ್ಲರೂ ಅದನ್ನೇ ಓದುವುದು ಒಂದು ದಾರಿ. ಪ್ರತಿಯೊಬ್ಬರೂ ಮನೆಯ ಭಾಷೆಯಲ್ಲಿ ಹೇಳಲಿ ಎಂದು ಮೊದಲೇ ತಿಳಿಸುವುದು ಇನ್ನೊಂದು. ಎರಡನೆಯದರಲ್ಲಿ ಗದ್ದಲವಾಗುತ್ತದೆ, ಆದರೂ ನನಗೆ ಅದೇ ಇಷ್ಟ.

ಇನ್ನು ಬಿನ್ನಹ ಬರೆಯುವುದು. ಈ ಕೆಲಸದಲ್ಲಿ ನಿಜವಾದ ಕಷ್ಟ ಇದೇ. ಪ್ರತಿ ಬಿನ್ನಹ ಮೂರು ವಾಕ್ಯ: ಯಾರಿಗಾಗಿ ಬೇಡುತ್ತಿದ್ದೇವೆ, ಅವರ ಹೊಣೆ ಹೊತ್ತವರಿಗೆ ಏನು ಬೇಕು, ನಮ್ಮ ಪಾಲು ಏನು. ಜೂನ್ ತಿಂಗಳಿಗೆ ಹೀಗಿರಬಹುದು:

"ಸಂಕ ದಾಟಿ, ನೀರು ನಿಂತ ರಸ್ತೆಯಲ್ಲಿ ನಡೆದು ಶಾಲೆಗೆ ಬರುವ ಮಕ್ಕಳನ್ನೂ ಅವರನ್ನು ಕರೆತರುವ ಬಸ್ಸು, ರಿಕ್ಷಾ ಚಾಲಕರನ್ನೂ ಕಾಯಿರಿ. ಸಂಕ ಕಟ್ಟಿಸಬೇಕಾದವರಿಗೆ, ರಜೆಯ ತೀರ್ಮಾನ ಮಾಡುವವರಿಗೆ ತಡಮಾಡದ ಮನಸ್ಸು ಕೊಡಿ. ನಮ್ಮ ವಾರ್ಡಿನ ಮಕ್ಕಳು ನಡೆಯುವ ದಾರಿಯನ್ನು ಈ ವಾರವೇ ನಾವು ಹೋಗಿ ನೋಡುವಂತೆ ಮಾಡಿ."

ಆಮೇಲೆ ಇಪ್ಪತ್ತು ಸೆಕೆಂಡು ಮೌನ, ಬಳಿಕ ಸಭೆಯ ಉತ್ತರ. ಓದುವವರು ಆ ಮೌನವನ್ನು ನುಂಗಿಬಿಡುತ್ತಾರೆ. ಹಾಳೆಯಲ್ಲಿ "ನಿಲ್ಲಿಸಿ, ಮನಸ್ಸಿನಲ್ಲಿ ಇಪ್ಪತ್ತು ಎಣಿಸಿ" ಎಂದೇ ಬರೆದಿಡಿ. ಅಕ್ಷರ ದೊಡ್ಡದಿರಲಿ, ಕನ್ನಡಕ ಮರೆತು ಬರುವವರು ಪ್ರತಿ ಸಲ ಒಬ್ಬರಾದರೂ ಇರುತ್ತಾರೆ. ಬಾಯಿಗೆ ಬಂದಂತೆ ಪ್ರಾರ್ಥಿಸುವ ಅಭ್ಯಾಸವಿರುವ ಸಭೆಗಳಲ್ಲಿ ಒಬ್ಬರಿಗೆ ಎರಡು ನಿಮಿಷ ಎಂದು ಮೊದಲೇ ಹೇಳಿ. ಇಲ್ಲದಿದ್ದರೆ ಮೊದಲನೆಯವರೇ ಐದೂ ವಿಷಯ ಮುಗಿಸಿ ಕೂರುತ್ತಾರೆ.

ಓದುವವರೆಲ್ಲ ಶಿಕ್ಷಕರೇ ಆಗಬಾರದು. ಅಡುಗೆ ಸಿಬ್ಬಂದಿಯೊಬ್ಬರು, ಒಂಬತ್ತನೇ ಕ್ಲಾಸಿನ ವಿದ್ಯಾರ್ಥಿ, ಶಾಲಾ ಬಸ್ಸಿನ ಚಾಲಕ, ಒಬ್ಬ ತಾಯಿ, ಒಬ್ಬ ನಿವೃತ್ತ ಟೀಚರ್, ಹೀಗೆ ಹಂಚಿ. ಕೆಲವರ ಬಿನ್ನಹ ಬಿನ್ನಹವಾಗಿರುವುದಿಲ್ಲ, "ಮೊಬೈಲಿನಲ್ಲೇ ಮುಳುಗಿರುವ, ಹಿರಿಯರ ಮಾತು ಕೇಳದ ಈ ಮಕ್ಕಳಿಗೆ ಬುದ್ಧಿ ಕೊಡು" ಎಂದು ದೇವರ ಮೂಲಕ ಮಕ್ಕಳನ್ನು ಬೈಯುವ ಉಪಾಯವಾಗಿರುತ್ತದೆ. ಹಿಂದಿನ ಬೆಂಚಿನಲ್ಲಿರುವ ಹುಡುಗರಿಗೆ ಅದು ತಕ್ಷಣ ಗೊತ್ತಾಗುತ್ತದೆ. ಇಂಥದ್ದನ್ನು ಹಾಳೆಯಲ್ಲೇ ಹೊಡೆದುಹಾಕಿ.

ಮಕ್ಕಳ ಹೆಸರು ಯಾವ ಕಾರಣಕ್ಕೂ ಬೇಡ. ಹೆಸರು ಬಿಟ್ಟರೆ ಸಾಲದು: "ಕಾಯಿಲೆಯಲ್ಲಿರುವ ಎಂಟನೇ ಕ್ಲಾಸಿನ ಹುಡುಗಿ" ಎಂದರೆ, ವಾರ್ಡಿನಲ್ಲಿ ಎಂಟನೇ ಕ್ಲಾಸಿಗೆ ಹೋಗುವ ಹುಡುಗಿಯರು ಇಬ್ಬರೇ ಇದ್ದಾಗ, ಹೆಸರು ಹೇಳಿದಂತೆಯೇ ಆಯಿತು. ಪ್ರಾರ್ಥನೆಯ ವಾಟ್ಸ್ಆಪ್ ಗುಂಪಿನಲ್ಲಿ ಇದು ಇನ್ನೂ ಅಪಾಯ, ಮಧ್ಯಾಹ್ನದೊಳಗೆ ಸ್ಕ್ರೀನ್‌ಶಾಟ್ ಊರು ಸುತ್ತಿ ಬಂದಿರುತ್ತದೆ. ಮಗುವಿನ ಮೇಲೆ ದೌರ್ಜನ್ಯದ ಸುಳಿವು ಸಿಕ್ಕಿದರೆ ಅದು ಪ್ರಾರ್ಥನಾ ವಿಷಯವೇ ಅಲ್ಲ. ಲೈಂಗಿಕ ದೌರ್ಜನ್ಯವಾದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಮಗುವಿನ ಗುರುತು ಹೊರಗೆ ಬಿಡಬಾರದು. ಮಕ್ಕಳ ಸಹಾಯವಾಣಿ 1098. ಮೊದಲು ಆ ಕೆಲಸ.

ಶಾಲೆಯ ಆವರಣದಲ್ಲೇ ಪ್ರಾರ್ಥಿಸಬಹುದಲ್ಲ ಎಂದು ಉತ್ಸಾಹಿಗಳು ಕೇಳುತ್ತಾರೆ. ಬೇಡ. ಸಂವಿಧಾನದ 28ನೇ ವಿಧಿಯಂತೆ, ಪೂರ್ಣವಾಗಿ ಸರಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆಗೆ ಅವಕಾಶವಿಲ್ಲ. ಸರಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ, ಅದು ಚರ್ಚಿನದೇ ಆಗಿದ್ದರೂ, ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಆರಾಧನೆಗೆ ಸೇರಿಸುವಂತಿಲ್ಲ. ಶಾಲಾ ಗೇಟಿನ ಹೊರಗೆ ಗುಂಪಾಗಿ ನಿಂತು ಪ್ರಾರ್ಥಿಸುವುದೂ ನಮ್ಮ ಜಿಲ್ಲೆಗಳ ಸೂಕ್ಷ್ಮ ವಾತಾವರಣದಲ್ಲಿ ಮುಖ್ಯೋಪಾಧ್ಯಾಯರಿಗೆ ತಲೆನೋವು ತರುತ್ತದೆ, ಮಕ್ಕಳಿಗೆ ಏನೂ ತರುವುದಿಲ್ಲ. ಬೀದಿ ಮೂಲೆಯಲ್ಲಿ ನಿಂತು ಪ್ರಾರ್ಥಿಸುವವರ ಬಗ್ಗೆ ಮತ್ತಾಯ 6ರಲ್ಲಿ ಏನಿದೆ ಎಂದು ಒಮ್ಮೆ ಓದಿಕೊಂಡರಾಯಿತು.

ಎಲ್ಲಕ್ಕಿಂತ ಹೆಚ್ಚು ತಪ್ಪಿಹೋಗುವುದು ಫಲಿತಾಂಶದ ನಂತರದ ಭಾನುವಾರ. ಎಸ್ಸೆಸ್ಸೆಲ್ಸಿಯಲ್ಲಿ 2024ರಲ್ಲಿ ಉಡುಪಿ ರಾಜ್ಯಕ್ಕೆ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. ಎರಡು ವರ್ಷವೂ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ಪಾಸು. ಅರ್ಧದಷ್ಟು ಮಕ್ಕಳು ಫೇಲಾಗುವ ಕಡೆ ಫೇಲಾದವನಿಗೆ ಜೊತೆಯಾದರೂ ಇರುತ್ತದೆ. ನಮ್ಮಲ್ಲಿ ಆ ಹತ್ತನೆಯ ಹುಡುಗ ಒಂಟಿ. ಅದೇ ಭಾನುವಾರ 625ಕ್ಕೆ 600 ದಾಟಿದವರಿಗೆ ಶಾಲು, ಸ್ಮರಣಿಕೆ, ಫೋಟೊ. ಆ ಹುಡುಗ ಚರ್ಚಿಗೆ ಬರುವುದಿಲ್ಲ, ಅವನ ತಾಯಿ ಹಿಂದಿನ ಸಾಲಿನಲ್ಲಿ ಕೂತು ಆಶೀರ್ವಾದಕ್ಕೆ ಮೊದಲೇ ಎದ್ದು ಹೋಗುತ್ತಾರೆ. ಸನ್ಮಾನವನ್ನು ಒಂದೆರಡು ತಿಂಗಳು ಮುಂದೆ ಹಾಕಿ. ಈಗ ಅದೇ ವರ್ಷ ಮತ್ತೆ ಬರೆಯಲು ಎರಡನೇ ಪರೀಕ್ಷೆ ಇಡುವ ಪದ್ಧತಿ ಇದೆ, ಅದಕ್ಕೆ ಸಿಗುವುದು ಕೆಲವೇ ವಾರ. ಆ ಭಾನುವಾರದ ಬಿನ್ನಹ ಎರಡನೇ ಪರೀಕ್ಷೆ ಬರೆಯುವವರಿಗಾಗಿ ಇರಲಿ, ಅದರ ಬೆನ್ನಿಗೇ ಗಣಿತ, ವಿಜ್ಞಾನ ಹೇಳಿಕೊಡಲು ಸಿದ್ಧವಿರುವ ಶಿಕ್ಷಕರ ಫೋನ್ ನಂಬರು ಸೂಚನಾ ಫಲಕಕ್ಕೆ ಬರಲಿ. ಯಾರು ಫೋನು ಮಾಡಿದರು ಎಂದು ಯಾರೂ ಕೇಳಬಾರದು.

ಜಂಟಿ ಪ್ರಾರ್ಥನೆಯಲ್ಲಿ ಕಾಣಿಕೆ ಎತ್ತುವುದಾದರೆ ಯಾವ ಶಾಲೆಯ ಯಾವ ಅಗತ್ಯಕ್ಕೆ ಎಂದು ಮೊದಲೇ ಹೇಳಿಬಿಡಿ. ಸರಕಾರಿ ಶಾಲೆಗಾದರೆ ಶಾಲಾಭಿವೃದ್ಧಿ ಸಮಿತಿಯ ಮೂಲಕ, ಚೆಕ್ಕಿನಲ್ಲಿ, ರಶೀದಿ ಪಡೆದು ಕೊಡಿ. ವಸ್ತುವಾದರೆ ದಾಸ್ತಾನು ಪುಸ್ತಕದಲ್ಲಿ ಬರೆಸಿ. ರಶೀದಿಯನ್ನು ಮುಂದಿನ ಭಾನುವಾರ ಎಲ್ಲ ಸಭೆಗಳಲ್ಲೂ ಓದಿ ಹೇಳಬೇಕು. ಫ್ಯಾನಿನ ರೆಕ್ಕೆಯ ಮೇಲೆ ದಾನಿಗಳ ಹೆಸರು ಬರೆಸುವ ಚಟ ನಮ್ಮಲ್ಲಿದೆ. ಸಭೆಗಳ ಹೆಸರು ಅಲ್ಲಿಗೆ ಹತ್ತದಂತೆ ನೋಡಿಕೊಳ್ಳಿ.