ಮೂತ್ರಪಿಂಡ: ಮೊದಲು ಎಲ್ಲ ಹೊರಗೆ, ಆಮೇಲೆ ಬೇಕಾದ್ದು ಒಳಗೆ

‘ಮೂತ್ರಪಿಂಡ ಒಂದು ಜರಡಿ’ ಅಂತ ನೋಟ್ಸಿನಲ್ಲಿ ಬರೆದುಕೊಂಡಿದ್ದೆ. ಆ ಮಾತು ನನ್ನನ್ನು ಬಹಳ ದಿನ ದಾರಿ ತಪ್ಪಿಸಿತು. ಯುಗಾದಿಗೆ ಮುಂಚೆ ಅಟ್ಟ ಖಾಲಿ ಮಾಡುವುದನ್ನು ನೆನೆಸಿಕೊಳ್ಳಿ: ಸಾಮಾನೆಲ್ಲ ಮೊದಲು ಕೆಳಕ್ಕೆ, ಬೇಕಾದ್ದು ಮತ್ತೆ ಮೇಲಕ್ಕೆ, ಉಳಿದದ್ದು ಗುಜರಿಗೆ. ಮೂತ್ರಪಿಂಡದ ಕೆಲಸವೂ ಇದೇ.

ಒಂದೊಂದು ಮೂತ್ರಪಿಂಡದಲ್ಲೂ ಸುಮಾರು 10 ಲಕ್ಷ ನೆಫ್ರಾನ್‌ಗಳಿವೆ, ಅಂದರೆ ರಕ್ತ ಸೋಸುವ ಪುಟ್ಟ ಕೊಳವೆಗಳು. ಪ್ರತಿಯೊಂದರ ತುದಿಯಲ್ಲೂ ಲೋಮನಾಳಗಳ (ಕೂದಲಿನಂಥ ರಕ್ತನಾಳಗಳ) ಒಂದು ಗಂಟು, ಅದೇ ಗ್ಲೊಮೆರುಲಸ್. ರಕ್ತ ತರುವ ನಾಳಕ್ಕಿಂತ ಒಯ್ಯುವ ನಾಳ ಕಿರಿದು, ಹಾಗಾಗಿ ಒಳಗೆ ಒತ್ತಡ ಜಾಸ್ತಿ. ಆ ಒತ್ತಡಕ್ಕೆ ನೀರು, ಉಪ್ಪು, ಗ್ಲೂಕೋಸ್, ಯೂರಿಯಾ ಎಲ್ಲವೂ ಆ ಗಂಟನ್ನು ಸುತ್ತಿರುವ ಬಟ್ಟಲಿಗೆ, ಅಂದರೆ ಬೌಮನ್ ಕೋಶಕ್ಕೆ ಇಳಿಯುತ್ತವೆ. ರಕ್ತಕಣಗಳು, ಆಲ್ಬುಮಿನ್‌ನಂಥ ದೊಡ್ಡ ಪ್ರೋಟೀನ್‌ಗಳು ರಕ್ತದಲ್ಲೇ ಉಳಿಯುತ್ತವೆ.

ಹೀಗೆ ಇಳಿಯುವುದು ನಿಮಿಷಕ್ಕೆ ಸುಮಾರು 125 ಮಿ.ಲೀ., ದಿನಕ್ಕೆ 180 ಲೀಟರ್. ನಮ್ಮ ಪಿ.ಜಿ. ಬಾಗಿಲಿಗೆ ಬರುತ್ತವಲ್ಲ, 20 ಲೀಟರಿನ ನೀರಿನ ಕ್ಯಾನು, ಅಂಥವು ಒಂಬತ್ತು! ಮೈಯಲ್ಲಿರುವ ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗ, 3 ಲೀಟರ್ ಮಾತ್ರ. ಅದೇ ದಿನಕ್ಕೆ 60 ಸಲ ಸೋಸಿ ಬರುತ್ತದೆ. ಕೊನೆಗೆ ಮೂತ್ರವಾಗುವುದು ಒಂದೂವರೆ ಲೀಟರಿನಷ್ಟು. ಮಿಕ್ಕದ್ದೆಲ್ಲ ವಾಪಸ್.

ವಾಪಸಾತಿಯ ದೊಡ್ಡ ಪಾಲು ಬೌಮನ್ ಕೋಶದಿಂದ ಹೊರಡುವ ಮೊದಲ ತಿರುವುನಾಳದಲ್ಲೇ ಮುಗಿಯುತ್ತದೆ: ನೀರು, ಸೋಡಿಯಂಗಳ ಮೂರನೇ ಎರಡು ಭಾಗ, ಗ್ಲೂಕೋಸ್ ಬಹುತೇಕ ಪೂರ್ತಿ. ಆದರೆ ಗ್ಲೂಕೋಸ್ ಹೊರುವ ಪ್ರೋಟೀನ್‌ಗಳಿಗೂ ಮಿತಿಯಿದೆ. ರಕ್ತದ ಸಕ್ಕರೆ 100 ಮಿ.ಲೀ.ಗೆ ಸುಮಾರು 180 ಮಿ.ಗ್ರಾಂ. ದಾಟಿದರೆ ಅದು ಮೂತ್ರದಲ್ಲಿ ಕಾಣತೊಡಗುತ್ತದೆ.

ಅದರ ಮುಂದಿನ ಭಾಗ U ಆಕಾರದ ಹೆನ್ಲೆ ಕುಣಿಕೆ. ಅದನ್ನು ಬಾಯಿಪಾಠ ಮಾಡಬೇಡಿ, ಚಿತ್ರ ಬರೆದೇ ಕಲಿಯಿರಿ. ಇಳಿಯುವ ಕೊಂಬೆ ನೀರು ಬಿಟ್ಟುಕೊಡುತ್ತದೆ. ಏರುವ ಕೊಂಬೆ ನೀರನ್ನು ಬಿಡದೆ ಉಪ್ಪನ್ನಷ್ಟೇ ಹೊರಹಾಕುತ್ತದೆ. ಇದರಿಂದ ಮೂತ್ರಪಿಂಡದ ಒಳಭಾಗ ಆಳಕ್ಕೆ ಹೋದಷ್ಟೂ ಉಪ್ಪುಪ್ಪಾಗುತ್ತದೆ. ಈ ಉಪ್ಪು ಯಾಕೆ ಬೇಕು ಅನ್ನುವುದು ಈ ಒಳಭಾಗದ ಮೂಲಕವೇ ಹಾಯುವ ಕೊನೆಯ ಕೊಳವೆಗೆ, ಅಂದರೆ ಸಂಗ್ರಾಹಕ ನಾಳಕ್ಕೆ ಬಂದಾಗ ತಿಳಿಯುತ್ತದೆ.

ಏಪ್ರಿಲ್ ಮಧ್ಯಾಹ್ನ ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾದು ಬೆವತಿರಿ ಅನ್ನಿ. ನೀರು ಕಡಿಮೆಯಾಗಿ ರಕ್ತ ಸ್ವಲ್ಪ ಗಟ್ಟಿಯಾದರೂ ಮಿದುಳಿನ ಹೈಪೊಥಲಾಮಸ್‌ಗೆ ಗೊತ್ತಾಗುತ್ತದೆ. ಬಾಯಾರಿಕೆ ಆಗುತ್ತದೆ, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಹಿಂಭಾಗದಿಂದ ನೀರು ಉಳಿಸುವ ಹಾರ್ಮೋನು ಎಡಿಎಚ್ ಹೊರಡುತ್ತದೆ. ಅದು ಬಂದೊಡನೆ ಸಂಗ್ರಾಹಕ ನಾಳದ ಗೋಡೆಯಲ್ಲಿ ಅಕ್ವಾಪೊರಿನ್ ಎಂಬ ನೀರಿನ ಬಾಗಿಲುಗಳು ಕೂರುತ್ತವೆ. ಸುತ್ತಲಿನ ಉಪ್ಪು ನೀರನ್ನು ಸೆಳೆದುಕೊಳ್ಳುತ್ತದೆ. ಮೂತ್ರ ಕಡಿಮೆ, ಬಣ್ಣ ಕಡುಹಳದಿ. ಎರಡು ಎಳನೀರು ಕುಡಿದ ಮೇಲೆ ಎಡಿಎಚ್ ಇಳಿಯುತ್ತದೆ, ಬಾಗಿಲು ಕಡಿಮೆಯಾಗುತ್ತವೆ, ಮೂತ್ರ ತಿಳಿಯಾಗುತ್ತದೆ.

ಆಲ್ಡೊಸ್ಟಿರಾನ್ ಎಂಬ ಇನ್ನೊಂದು ಹಾರ್ಮೋನಿನ ಜೊತೆ ಎಡಿಎಚ್ ಅನ್ನು ಕಲಸಿಕೊಳ್ಳಬೇಡಿ. ಅದು ಸೋಡಿಯಂ ಉಳಿಸುತ್ತದೆ. ರಕ್ತದೊತ್ತಡ ತಗ್ಗಿದಾಗ ಮೂತ್ರಪಿಂಡ ಬಿಡುವ ರೆನಿನ್ ಎಂಬ ಕಿಣ್ವದ ಮೂಲಕ ಬರುತ್ತದೆ.

ಎಡಿಎಚ್ ಇಲ್ಲದಿದ್ದರೆ? ಅದೇ ಡಯಾಬಿಟಿಸ್ ಇನ್ಸಿಪಿಡಸ್. ಮೂತ್ರದಲ್ಲಿ ಸಕ್ಕರೆ ಇರುವುದಿಲ್ಲ, ಆದರೆ ತೀವ್ರವಾದರೆ ದಿನಕ್ಕೆ 10 ಲೀಟರ್ ಮೀರಬಹುದು: ಅದೇ ಕ್ಯಾನಿನ ಅರ್ಧ.