ಉಪ್ಪುನೀರಿನ ಟ್ಯಾಂಕಿನ ಪುಟ್ಟ ಜೀವಿಗಳು: ಮೊದಲು ನಡಿಗೆ, ಆಮೇಲೆ ಹೆಸರು

ಮಡಿಕೇರಿಯಲ್ಲಿ ಕೂತು ಸಮುದ್ರದ ಟ್ಯಾಂಕ್ ಯಾಕೆ ಅಂತ ಮನೆಯಲ್ಲಿ ಕೇಳುತ್ತಾರೆ. ಸೆಕೆಯ ಊರಿನವರು ನೀರು ತಣ್ಣಗಿಡಲು ಒದ್ದಾಡುತ್ತಾರೆ, ನಮಗೆ ಮಳೆಗಾಲದಲ್ಲಿ ಹೀಟರ್ ಹಾಕಿ 25 ಡಿಗ್ರಿಗೆ ತರುವುದೇ ಒಂದು ಕೆಲಸ. ಇರಲಿ. ಈ ಟಿಪ್ಪಣಿ ಮೀನಿನ ಬಗ್ಗೆ ಅಲ್ಲ, ಬೇರೆಯವರ ಟ್ಯಾಂಕಿನಿಂದ ತಂದ ಕಲ್ಲಿನ ಜತೆ ಹೇಳದೆ ಕೇಳದೆ ಬರುವ ನೆಂಟರ ಬಗ್ಗೆ.

ಮೊದಲ ತಿಂಗಳು ನಮ್ಮ ಗಾಜಿನ ಮೇಲೆ ಬಿಳಿ ಚುಕ್ಕೆಗಳು ಓಡಾಡಿದವು. ಏನೋ ರೋಗ ಅಂದುಕೊಂಡು ಗಾಜೆಲ್ಲ ಉಜ್ಜಿ, ಅರ್ಧ ನೀರು ಚೆಲ್ಲಿದೆ. ಅವು ಕೋಪಿಪಾಡ್‌ಗಳು, ಅಂದರೆ ಸಿಗಡಿ ಬಳಗದ ಪುಟಾಣಿ ಜೀವಿಗಳು, ಮೀನಿಗೆ ಬಿಟ್ಟಿ ಊಟ! ಸಣ್ಣದು, ಬಿಳಿ ಅಂತಷ್ಟೇ ನೋಡಿದರೆ ಹೀಗೇ ಆಗುತ್ತದೆ. ಅದಕ್ಕೇ ಈಗ ಮೊದಲು ಅದು ಹೇಗೆ ಓಡಾಡುತ್ತದೆ ನೋಡುತ್ತೇನೆ, ಆಮೇಲೆ ಮೈಯ ಆಕಾರ, ಹೆಸರು ಕೊನೆಗೆ.

ಕೋಪಿಪಾಡ್ ರಾಗಿ ಕಾಳಿಗಿಂತ ದೊಡ್ಡದಾಗುವುದು ಕಡಿಮೆ. ಮುಂದೆ ಅಗಲ, ಹಿಂದೆ ಚೂಪು, ನೀರಿನ ಹನಿಯ ಹಾಗೆ. ಗಾಜಿನ ಮೇಲೆ ಸರಸರ ಹರಿದು, ಥಟ್ಟನೆ ಚಿಮ್ಮಿ, ಮತ್ತೆ ನಿಲ್ಲುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಕೆಲವು ಹೆಣ್ಣುಗಳ ಹಿಂಬದಿಗೆ ಮೊಟ್ಟೆಯ ಚೀಲ ನೇತಾಡುವುದೂ ಕಾಣುತ್ತದೆ.

ಜಾಸ್ತಿ ಗೊಂದಲ ಅದೇ ಬಳಗದ ಆಂಫಿಪಾಡ್ ಮತ್ತು ಐಸೋಪಾಡ್ ನಡುವೆ. ಆಂಫಿಪಾಡ್ ಎರಡು ಪಕ್ಕದಿಂದ ಒತ್ತಿದ ಹಾಗಿರುತ್ತದೆ, ಬೆನ್ನು ಸಿಗಡಿಯಂತೆ ಬಾಗಿರುತ್ತದೆ, ಎಷ್ಟೋ ಸಲ ಮಗ್ಗುಲಾಗಿಯೇ ತೆವಳುತ್ತದೆ. ಐಸೋಪಾಡ್ ಮೇಲಿನಿಂದ ಅದುಮಿದ ಹಾಗೆ ಚಪ್ಪಟೆ. ಕಾಫಿ ತೋಟದಲ್ಲಿ ಕೊಳೆತ ಮರದ ತುಂಡು ಎತ್ತಿದರೆ ಬೂದು ಬಣ್ಣದ, ಪಟ್ಟೆ ಪಟ್ಟೆ ಬೆನ್ನಿನ, ಮುಟ್ಟಿದರೆ ಕೆಲವು ಉಂಡೆಯಾಗುವ ಹುಳ ಓಡುತ್ತದಲ್ವಾ, ಅದೂ ಐಸೋಪಾಡೇ, ನೆಲದ ಮೇಲಿನದು. ಅದನ್ನು ನೆನಪಿಟ್ಟುಕೊಂಡರೆ ಸಾಕು. ಬಹಳಷ್ಟು ಐಸೋಪಾಡ್‌ಗಳು ಕಸ ತಿಂದುಕೊಂಡು ಸುಮ್ನೆ ಇರುತ್ತವೆ. ದೊಡ್ಡ ಕಪ್ಪು ಕಣ್ಣು, ರಭಸದ ಈಜು, ಮೀನಿನ ಮೈಗೆ ಕಚ್ಚಿಕೊಂಡಿರುವುದು ಇವು ಕಂಡರೆ ಮಾತ್ರ ಅದನ್ನು ಹಿಡಿದು ತೆಗೆಯಲೇಬೇಕು.

ಹುಳದ ವಿಷಯಕ್ಕೆ ಬಂದರೆ, ಬ್ರಿಸಲ್ ವರ್ಮ್ ನೋಡಿ ಹೆದರದವರಿಲ್ಲ. ಮೈಯೆಲ್ಲ ಉಂಗುರ ಉಂಗುರ, ಪ್ರತಿ ಉಂಗುರದ ಎರಡೂ ಬದಿಗೆ ರೋಮದ ಗೊಂಚಲು. ರಾತ್ರಿ ಕಲ್ಲಿನ ಸಂದಿಯಿಂದ ಬಂದು ಉಳಿದ ತಿಂಡಿ, ಸತ್ತದ್ದು ತಿನ್ನುತ್ತದೆ. ಸತ್ತ ಮೀನಿನ ಮೇಲೆ ಅದು ಕಂಡ ಮಾತ್ರಕ್ಕೆ ಕೊಂದದ್ದೂ ಅದೇ ಅನ್ನುವುದು ಅನ್ಯಾಯ. ಬರಿಗೈಲಿ ಮುಟ್ಟಬೇಡಿ ಅಷ್ಟೇ. ಕಂಬಳಿಹುಳದ ಹಾಗೆ ರೋಮ ಚರ್ಮಕ್ಕೆ ಚುಚ್ಚಿಕೊಳ್ಳುತ್ತದೆ, ನಾನು ಸೆಲ್ಲೋ ಟೇಪ್ ಅಂಟಿಸಿ ಕಿತ್ತೆ. ಉಂಗುರವಿಲ್ಲದೆ, ಎಲೆಯ ಚೂರಿನಂತೆ ಚಪ್ಪಟೆಯಾಗಿ ಜಾರುವುದು ಚಪ್ಪಟೆ ಹುಳ. ತುಕ್ಕು ಬಣ್ಣದವು ನೂರಾರು ಆಗಿದ್ದರೆ ಒಮ್ಮೆಲೇ ಔಷಧಿ ಹಾಕಬೇಡಿ. ಸಾಯುವಾಗ ಬಿಡುವ ವಿಷಕ್ಕೆ ಮೀನೂ ಹೋಗಬಹುದು, ಮೊದಲು ಪೈಪಿನಿಂದ ಹೀರಿ ಆದಷ್ಟು ಕಡಿಮೆ ಮಾಡಿ.

ಕದಲದವೂ ಇವೆ. ಗಾಜಿಗೆ ಅಂಟಿದ, ಎರಡು ಮೂರು ಮಿಲಿಮೀಟರ್‌ನ ಬಿಳಿ ಸುರುಳಿ ಸ್ಪೈರಾರ್ಬಿಡ್ ಹುಳ. ನೀರು ಸೋಸಿ ತಿನ್ನುತ್ತದೆ, ತೊಂದರೆ ಇಲ್ಲ. ಕಲ್ಲಿನಿಂದ ಸೊಟ್ಟಗೆ ಮೇಲೆದ್ದ ಗಟ್ಟಿ ಕೊಳವೆ, ಅದರ ಬಾಯಿಂದ ಜೇಡನ ಬಲೆಯಂಥ ಲೋಳೆ ಎಳೆ ತೇಲುತ್ತಿದ್ದರೆ ಅದು ವರ್ಮೆಟಿಡ್, ಅಂದರೆ ಬಸವನಹುಳುವಿನ ಜಾತಿ. ಹವಳಕ್ಕೆ ಕಿರಿಕಿರಿ, ನಮ್ಮ ಬೆರಳಿಗೂ ಗಾಯ. ಕಂದು ಬಣ್ಣದ ಪುಟ್ಟ ಹೂವಿನಂತೆ ಅರಳಿ, ಮುಟ್ಟಿದೊಡನೆ ರಂಧ್ರದೊಳಗೆ ಮುದುಡಿಕೊಂಡರೆ ಬಹುಶಃ ಐಪ್ಟೇಸಿಯಾ, ಅಂದರೆ ಹವಳವನ್ನು ಕುಟುಕುವ ಒಂದು ಜಾತಿಯ ಸೀ ಅನಿಮೊನಿ. ಚಂದ ಇದೆ ಅಂತ ಬಿಡಬೇಡಿ, ಕೆರೆದು ತೆಗೆಯಲೂ ಹೋಗಬೇಡಿ. ತಳದ ಒಂದು ಚೂರು ಉಳಿದರೂ ಅದರಿಂದ ಇನ್ನೊಂದು ಬೆಳೆಯುತ್ತದೆ.

ನೋಡುವ ಹೊತ್ತು ಮುಖ್ಯ. ಲೈಟ್ ಆರಿಸಿ ಎರಡು ಗಂಟೆ ಬಿಟ್ಟು, ಟಾರ್ಚಿಗೆ ಕೆಂಪು ಕಾಗದ ಸುತ್ತಿ ನೋಡಿ, ಬಿಳಿ ಬೆಳಕಿಗೆ ಬಹಳಷ್ಟು ಅಡಗಿಬಿಡುತ್ತವೆ. ಮೊನ್ನೆ ಮಳೆಗೆ ಕರೆಂಟ್ ಹೋದಾಗ ಏನೂ ಕಷ್ಟವಿಲ್ಲದೆ ಇದೇ ಕೆಲಸವಾಯಿತು. ಸಿಕ್ಕಿದ್ದನ್ನು ಸೂಜಿ ಇಲ್ಲದ ಸಿರಿಂಜಿನಲ್ಲಿ ಎಳೆದು ಬಿಳಿ ಬಟ್ಟಲಿಗೆ ಬಿಡಿ, ಟ್ಯಾಂಕಿನ ನೀರೇ ಇರಬೇಕು, ನಲ್ಲಿ ನೀರಾದರೆ ಸತ್ತೇ ಹೋಗುತ್ತದೆ. ಫೋಟೋಕ್ಕಿಂತ ಮೊಬೈಲಿನ ನಿಧಾನ ವಿಡಿಯೋ ಒಳ್ಳೆಯದು, ನಡಿಗೆ ಸಿಗುತ್ತದಲ್ಲ. ಪಕ್ಕದಲ್ಲಿ ಒಂದು ಕಾಳುಮೆಣಸು ಇಟ್ಟು ತೆಗೆಯಿರಿ, ಅಳತೆಗೆ.